ಒಂದು ಗೇಣಿನ ಲಿಫ್ಟು

ಪ್ರೀತಿಯ ಗೆಳೆಯಾ,

ಕಾಲೇಜಿನ ಗುಂಪು ಪ್ರಾಜೆಕ್ಟಿಗೆ ನಾವು ಹಾರರ್ ಸಿನಿಮಾದ ಟ್ರೇಲರ್ ಒಂದನ್ನು ಮತ್ತೆ ಚಿತ್ರೀಕರಿಸಬೇಕು. ದಾವಣಗೆರೆಯಿಂದ ದುರ್ಗ ಎಷ್ಟು ದೂರ, ಚಂದ್ರವಳ್ಳಿ ಗುಹೆಯ ಕತ್ತಲಲ್ಲಿ ಟಾರ್ಚ್ ಹಿಡಿದು ಓಡಾಡಿದರೆ ಆಯ್ತಲ್ಲ ಅಂದರು ಉಳಿದವರು. ನಾನು 1980ರ ‘ದಿ ಶೈನಿಂಗ್’ ಟ್ರೇಲರೇ ಆಗಬೇಕು ಅಂತ ಹಟ ಹಿಡಿದೆ. ಈಗ ಅವರಿಗೂ ಅದರ ಹುಚ್ಚು ಹತ್ತಿದೆ.

ನೋಡಿಲ್ಲದಿದ್ದರೆ ಪತ್ರ ಪಕ್ಕಕ್ಕಿಟ್ಟು ಮೊದಲು ನೋಡಿ ಬಾ. ಇಡೀ ಟ್ರೇಲರ್ ಒಂದೇ ಶಾಟ್. ಎರಡು ಲಿಫ್ಟು, ಮುಚ್ಚಿದ ಕೆಂಪು ಬಾಗಿಲುಗಳು, ಅಲುಗಾಡದ ಕ್ಯಾಮೆರಾ. ಮಾತಿಲ್ಲ, ಪಾತ್ರವಿಲ್ಲ, ಕತ್ತಲೆಯಂತೂ ಇಲ್ಲವೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಹೆಸರುಗಳು ಸರಿಯುತ್ತಾ ಹೋಗುತ್ತವೆ. ಅಕ್ಷರ ಕಂಡರೆ ಕಣ್ಣು ಓದದೆ ಬಿಡಲ್ಲ, ಮನಸ್ಸು ಮಾತ್ರ ಅದರ ಹಿಂದಿನ ಬಾಗಿಲಲ್ಲೇ ಸಿಕ್ಕಿಕೊಂಡಿರುತ್ತೆ. ಓದೋದಕ್ಕೆ ಏನೂ ಉಳಿಯದಾಗ ರಕ್ತ ನುಗ್ಗುತ್ತೆ, ಕುರ್ಚಿಗಳನ್ನು ತೇಲಿಸಿಕೊಂಡು ಬಂದು ಲೆನ್ಸನ್ನೇ ಮುಚ್ಚಿಬಿಡುತ್ತೆ. ಅಷ್ಟು ಹೊತ್ತಿಗೆ ನಾವು ಹೆದರಿ ಆಗಿರುತ್ತೆ ಕಣೋ! ಅಷ್ಟು ಹೊತ್ತು ಕಾಯಿಸುವ ಧೈರ್ಯ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ಗಿತ್ತು. ನಮ್ಮ ಹೆಸರುಗಳನ್ನೂ ಕನ್ನಡದಲ್ಲೇ ಹಾಕುತ್ತಿದ್ದೇವೆ, ನೋಡೋರ ಕಣ್ಣು ತಾನಾಗಿ ಓದಲಿ ಅಂತ.

ಲಿಫ್ಟನ್ನು ಪ್ಲೈವುಡ್‌ನಲ್ಲಿ ಕಟ್ಟುತ್ತಿದ್ದೇವೆ. ನಿಜದ ಒಂಬತ್ತನೇ ಒಂದು ಪಾಲು, ಬಾಗಿಲು ಒಂದು ಗೇಣಷ್ಟೇ. ಇಷ್ಟು ಸಣ್ಣ ಸೆಟ್ಟಿನಲ್ಲಿ ನೀರೇ ಗುಟ್ಟು ಬಿಟ್ಟುಕೊಡುತ್ತೆ, ಯಾಕಂದ್ರೆ ಬೀಳುವ ಎತ್ತರ ಕಮ್ಮಿ, ಸುರಿದದ್ದು ಥಟ್ಟನೆ ಮುಗಿದುಹೋಗುತ್ತೆ. ಅದಕ್ಕೊಂದು ಲೆಕ್ಕ ಇದೆ. ಬೀಳುವ ಹೊತ್ತು ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತೆ, 9ರ ವರ್ಗಮೂಲ 3. ಸೆಕೆಂಡಿಗೆ 24 ಫ್ರೇಮ್ ಬದಲು ಮೂರು ಪಟ್ಟು, ಅಂದರೆ 72ರಲ್ಲಿ ಹಿಡಿದು 24ರಲ್ಲಿ ಓಡಿಸಿದರೆ ಆಳೆತ್ತರದ ಬಾಗಿಲಿಂದ ಬಿದ್ದಂತೆ ಕಾಣುತ್ತೆ. ಮೂಲವೇ ಸ್ಲೋ ಮೋಷನ್ ಆದ್ದರಿಂದ ನಾವು 120ಕ್ಕೆ ಹೋಗುತ್ತೇವೆ, ಮೊಬೈಲಿನಲ್ಲೇ ಸಿಗುತ್ತೆ. ಸೆಟ್ಟು ಕುಗ್ಗಿದರೂ ಹನಿ ಕುಗ್ಗಲ್ಲ ನೋಡು, ಹಾಗಾಗಿ ಹನಿ ಸಣ್ಣದಾಗಲಿ ಅಂತ ನೊರೆ ಏಳದಷ್ಟು ಸೋಪು ಬೆರೆಸಬೇಕು. ಬಣ್ಣಕ್ಕೆ ಕುಂಕುಮ ಆಗಲ್ಲ, ತಳಕ್ಕಿಳಿಯುತ್ತೆ. ಅಡುಗೆಯ ಕೆಂಪು ಬಣ್ಣಕ್ಕೆ ಒಂದಿಷ್ಟು ಕಾಫಿ ಡಿಕಾಕ್ಷನ್ ಹಾಕುತ್ತೇವೆ. ಬರೀ ಕೆಂಪಾದರೆ ಮೊಬೈಲ್ ಕ್ಯಾಮೆರಾದಲ್ಲಿ ಚಪ್ಪಟೆ ಕಾಣುತ್ತೆ, ಆಳವೇ ಇರಲ್ಲ.

ಇನ್ನು ನಿನ್ನಿಂದ ಆಗಬೇಕಾದ ಕೆಲಸ. ಆ ಟ್ರೇಲರಿನ ಸಂಗೀತ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕೈಂಡ್ ಅವರದು. ಅದನ್ನು ನಕಲು ಮಾಡೋದು ನನಗಿಷ್ಟವಿಲ್ಲ, ಸದ್ದಾದರೂ ನಮ್ಮೂರಿನದೇ ಇರಲಿ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುತ್ತಲ್ಲ, ಆ ಚಿಟಪಟವನ್ನು ರೆಕಾರ್ಡ್ ಮಾಡಿದ್ದೇನೆ. ವೇಗವನ್ನು ಕಾಲು ಭಾಗಕ್ಕೆ ಇಳಿಸಿದೆ, ಸ್ವರ ಎರಡು ಸ್ಥಾಯಿ ಕೆಳಗಿಳಿಯಿತು. ಗೋಡೆಯ ಆಚೆಯಿಂದ ಯಾರೋ ಗೆಣ್ಣಿನಿಂದ ತಟ್ಟುತ್ತಿದ್ದಾರೆ ಅನ್ನಿಸುತ್ತೆ. ಹೆಡ್‌ಫೋನ್ ಹಾಕಿಕೊಂಡೇ ಕೇಳು.

ಬಾಗಿಲು ತೆರೆಯುವ ಹೊತ್ತಿಗೆ ಸದ್ದು ಏರಬೇಕು ಅಂತ ಗುಂಪಿನವರ ವಾದ. ಕೊನೆಯ ಹೆಸರು ಮೇಲೆ ಸರಿದು ಮರೆಯಾದ ಕೂಡಲೇ ಸದ್ದನ್ನು ಪೂರ್ತಿ ನಿಲ್ಲಿಸಿ, ರಕ್ತ ಮೌನದಲ್ಲೇ ಬರಲಿ ಅಂತ ನಾನು. ಎರಡೂ ಥರ ಕೂರಿಸಿ ನೋಡು. ಕಿವಿಯ ವಿಷಯದಲ್ಲಿ ನಿನ್ನ ಮಾತಿಗೆ ಎದುರಾಡಲ್ಲ. ಫೈಲ್ ಇವತ್ತೇ ಕಳಿಸುತ್ತೇನೆ, ಶನಿವಾರದೊಳಗೆ ಉತ್ತರ ಬರೆ. ಭಾನುವಾರ ಬೆಳಿಗ್ಗೆ ಬಣ್ಣ ಕಲಸುತ್ತೇವೆ.

ನಿನ್ನ ಗೆಳೆಯ