ಭಾನುವಾರದ ಗೋಡೆ ಚಿತ್ರ: ಎಲ್ಲರೂ ಓದಿ

ನಮಸ್ಕಾರ. ಈ ಭಾನುವಾರ ಬೆಳಗ್ಗೆ 7ಕ್ಕೆ ಕುವೆಂಪುನಗರದ ನಮ್ಮ ಪಾರ್ಕಿನ ಪಂಪ್‌ಹೌಸ್ ಗೋಡೆಗೆ ಚಿತ್ರ ಬರೆಯಲು ಶುರು ಮಾಡುತ್ತೇವೆ. ಅನುಮತಿ ಪತ್ರ ಸಿಕ್ಕಿದೆ. ಅಲ್ಲಿ ಗಾಡಿ ನಿಲ್ಲಿಸುವವರು ಶನಿವಾರ ರಾತ್ರಿಯೇ ತೆಗೆದುಬಿಡಿ.

"ಬೇರೆ ಕಡೆಯ ಚಿತ್ರವನ್ನೇ ಇಲ್ಲೂ ಬಿಡಿಸಬಹುದಲ್ವಾ?" ಅಂತ ಕೆಲವರು ಕೇಳಿದ್ದರು. ಬೇಡ. ಚಾಮುಂಡಿ ಬೆಟ್ಟದ ನಂದಿಯನ್ನೇ ನೋಡಿ. 17ನೇ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಅದನ್ನು ಬೆಟ್ಟದಿಂದ ಎತ್ತಿ ಗ್ಯಾಲರಿಯೊಳಗೆ ಇಟ್ಟರೆ ಅರ್ಧ ಸೊಗಸು ಹೋಯಿತು! ನಮ್ಮ ಗೋಡೆಯಲ್ಲೂ ನೀರು ಸೋರಿ ಪಾಚಿಗಟ್ಟಿದ ಉದ್ದನೆಯ ಗೆರೆ ಇದೆ. ಆ ಗೆರೆಯೇ ನಮ್ಮ ಚಿತ್ರದಲ್ಲಿ ಆಲದ ಬಿಳಲು. ಉತ್ಸಾಹದಲ್ಲಿ ಯಾರೂ ಉಜ್ಜಿ ತೊಳೆಯಬೇಡಿ, ದಮ್ಮಯ್ಯ.

ಉಳಿದ ಕಡೆ ಎದ್ದಿರುವ ಸುಣ್ಣ ಕೆರೆಯಲು ಶನಿವಾರ ಸಂಜೆ 5ಕ್ಕೆ ನಾಲ್ವರು ಬೇಕು. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಬಕೆಟ್ ತನ್ನಿ. ಬಣ್ಣ, ಬ್ರಷ್ ಇದೆ. ಮಕ್ಕಳು ಏಣಿ ಹತ್ತುವಂತಿಲ್ಲ. ಕೆಳಗಿನ 3 ಅಡಿ ಪೂರ್ತಿ ಅವರದೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಎಷ್ಟು ಜನ ಅಂತ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಇಡ್ಲಿ ಲೆಕ್ಕ ಸಿಗಲ್ಲ.