ಶನಿವಾರದ ಮ್ಯಾಚ್‌ಗೆ ಮುಂಚೆ: ಸೌಂಡ್ ಸರಿ ಮಾಡಿಕೊಳ್ಳಿ

ಗೆಳೆಯರೇ, ಗೇಮ್‌ನಲ್ಲಿ ಎದುರಾಳಿಯ ಹೆಜ್ಜೆ ಸದ್ದು ಕೇಳಿಸ್ತಿಲ್ಲ ಅನ್ನೋ ದೂರು ಜಾಸ್ತಿ ಆಗಿದೆ. ಒಮ್ಮೆ ಇಷ್ಟು ನೋಡಿಕೊಳ್ಳಿ.

ವ್ಯಾಲರಂಟ್ ಆಡುವವರು ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಎಚ್‌ಆರ್‌ಟಿಎಫ್ (HRTF, ಹೆಡ್‌ಫೋನ್‌ನಲ್ಲಿ ಸದ್ದಿನ ದಿಕ್ಕು ತಿಳಿಯುವಂತೆ ಮಾಡುವ ಆಯ್ಕೆ) ಆನ್ ಮಾಡಿ. ಸಾದಾ ಸ್ಟೀರಿಯೋದಲ್ಲಿ ಎಡ-ಬಲ ಗೊತ್ತಾಗುತ್ತದೆ, ಆದರೆ ಸದ್ದು ಮುಂದಿನದೋ ಹಿಂದಿನದೋ ಅಂತ ತಿಳಿಯುವುದು ಕಷ್ಟ. ಅದಕ್ಕೇ ಇದು. ಇದು ಆನ್ ಇರುವಾಗ ವಿಂಡೋಸ್ ಸೋನಿಕ್ (ವಿಂಡೋಸ್‌ನದೇ ಸರೌಂಡ್ ಸೌಂಡ್), ಹೆಡ್‌ಸೆಟ್‌ನ 7.1 ಸರೌಂಡ್ ಎರಡನ್ನೂ ಆಫ್ ಮಾಡಿ. ಒಂದರ ಮೇಲೊಂದು ಕೂತರೆ ದಿಕ್ಕೆಲ್ಲ ಕಲಸುಮೇಲೋಗರ. (ಬಾಕ್ಸ್ ಮೇಲಿನ 7.1 ನೋಡಿ ದುಡ್ಡು ಕೊಟ್ಟವರು ಬೇಜಾರು ಮಾಡ್ಕೋಬೇಡಿ.) ಕೌಂಟರ್-ಸ್ಟ್ರೈಕ್ 2 ಆಡುವಾಗಲೂ ಈ ಎರಡನ್ನೂ ಆಫ್ ಇಡಿ. ಅಲ್ಲಿನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಈಕ್ಯೂ (EQ, ಸದ್ದಿನ ಏರಿಳಿತ ಹೊಂದಿಸುವ) ಪ್ರೊಫೈಲ್ ಅನ್ನು ಕ್ರಿಸ್ಪ್‌ಗೆ ಇಟ್ಟು ನೋಡಿ.

ಯಾರಾದರೂ ಕಾಲ್‌ನಲ್ಲಿ ಮಾತಾಡಿದ ಕೂಡಲೇ ಗೇಮ್ ಸದ್ದು ತಗ್ಗುತ್ತಾ? ತಪ್ಪು ಗೇಮ್‌ನದ್ದಲ್ಲ. ಕಾಲ್ ಇದ್ದಾಗ ಬೇರೆ ಸದ್ದನ್ನು 80% ತಗ್ಗಿಸುವ ಆಯ್ಕೆ ವಿಂಡೋಸ್‌ನಲ್ಲಿದೆ. ಕಂಟ್ರೋಲ್ ಪ್ಯಾನೆಲ್, ಸೌಂಡ್, ಕಮ್ಯುನಿಕೇಶನ್ಸ್‌ಗೆ ಹೋಗಿ 'ಡು ನಥಿಂಗ್' ಒತ್ತಿ.

ವಿಂಡೋಸ್ ಸೌಂಡ್‌ನ ಲೌಡ್‌ನೆಸ್ ಈಕ್ವಲೈಸೇಶನ್ ಆಯ್ಕೆ ಬಗ್ಗೆ ಪದೇ ಪದೇ ಕೇಳ್ತೀರಿ. ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ಇಳಿಸುತ್ತದೆ, ಹೆಜ್ಜೆ ಚೆನ್ನಾಗಿ ಕೇಳುತ್ತದೆ, ನಿಜ. ಆದರೆ ದೂರದ್ದೂ ಹತ್ತಿರದ್ದೂ ಒಂದೇ ಥರ ಕೇಳಿ ಅಂದಾಜು ತಪ್ಪುತ್ತದೆ. ನಾನಂತೂ ಬೇಡ ಅಂತೀನಿ.

ಬ್ಲೂಟೂತ್ ಇಯರ್‌ಬಡ್ ಹಾಕಿ ಅದರದ್ದೇ ಮೈಕ್ ಬಳಸಬೇಡಿ, ಸದ್ದು ಸಾಮಾನ್ಯವಾಗಿ ಮೋನೋಗೆ (ಎಡ-ಬಲ ವ್ಯತ್ಯಾಸವಿಲ್ಲದ ಸದ್ದಿಗೆ) ಇಳಿಯುತ್ತದೆ. ತಂತಿ ಇರುವ ಹಳೇ ಇಯರ್‌ಫೋನ್ ಇದ್ದರೂ ಸಾಕು.