ಮೈಸೂರಿನ ಸರಸ್ವತಿಪುರಂ ಮನೆ ಮಾರುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. 'ಸರಸ್ವತಿಪುರಂ ಮನೆಗೆ ಒಳ್ಳೆ ಪಾರ್ಟಿ ಬಂದಿದೆ, ಕೊಟ್ಟುಬಿಡಲಾ?' ಅಂದೆ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ರೇಟಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದೆಯಲ್ಲ, 'ಅಲ್ಲಿ ಅಂಥದ್ದೇನಿದೆ ಅಂತ ಮಗಳು ಕೇಳ್ತಾಳೆ ಕಣೋ, ನನಗೆ ಹೇಳೋಕೇ ಬರಲಿಲ್ಲ' ಅಂತ. ಅದಕ್ಕೇ ಈ ಪತ್ರ. ಅವಳಿಗೂ ಓದಿ ಹೇಳು.

ಅಲ್ಲಿ ಕುಕ್ಕರಹಳ್ಳಿ ಕೆರೆ ಇದೆ. ನಮ್ಮ ಬೀದಿಗಳೆಲ್ಲ ಅದರ ಆಮೇಲೆ ಬಂದವು.

ಕೆರೆ ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು. ಆ ಇಸವಿಯನ್ನು ನೋಡಿದಾಗೆಲ್ಲ ನನಗೆ ಏನೋ ಒಂಥರಾ ಆಗುತ್ತದೆ. 1831ರಲ್ಲೇ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. ರಾಜ್ಯ ಕಮಿಷನರ್ ಕೈಯಲ್ಲಿತ್ತು, ಇವರು ಹೆಸರಿಗೆ ಮಾತ್ರ ಮಹಾರಾಜರು. ರಾಜ್ಯ ಕೈಬಿಟ್ಟು 33 ವರ್ಷ ಕಳೆದ ಮೇಲೆ, ಎಪ್ಪತ್ತು ದಾಟಲಿರುವ ವಯಸ್ಸಿನಲ್ಲಿ, ಅವರು ಊರಾಚೆಯ ರೈತರಿಗೆ ಅಂತ ಕೆರೆ ಕಟ್ಟಿಸಿದರು. ನಾಲ್ಕು ವರ್ಷಕ್ಕೆ ತೀರಿಕೊಂಡರು. ನಾವಿಬ್ಬರೂ ಏರಿಯ ಮೇಲೆ ಅಷ್ಟು ವರ್ಷ ಓಡಾಡಿದೆವು, ಒಂದು ದಿನವಾದರೂ ಇದನ್ನು ಯಾರಾದರೂ ನಮಗೆ ಹೇಳಿದ್ದರಾ?

ಮಳೆ ನೀರು ಪೂರ್ಣಯ್ಯ ನಾಲೆಯಲ್ಲಿ ಹರಿದು ಬಂದು ಕೆರೆ ಸೇರುತ್ತಿತ್ತು. ಹೌದು, ದಿವಾನ್ ಪೂರ್ಣಯ್ಯನವರೇ. ಕೆರೆಯ ನೀರು ಗದ್ದೆಗಳಿಗೆ ಹೋಗುತ್ತಿತ್ತು, ಒಂದು ಕಾಲಕ್ಕೆ ಊರಿಗೂ ಹೋಗುತ್ತಿತ್ತು. ಆಗ ಸುತ್ತ ಇದ್ದದ್ದು ಹಳ್ಳಿಗಳು, ಕೊಪ್ಪಲುಗಳು. ಕುಕ್ಕರಹಳ್ಳಿ, ಪಡುವಾರಹಳ್ಳಿ, ಕನ್ನೇಗೌಡನ ಕೊಪ್ಪಲು, ತೊಣಚಿಕೊಪ್ಪಲು. ಈಗ ಬಸ್ಸಿನ ಬೋರ್ಡಿನಲ್ಲಿ ಓದುತ್ತೀವಲ್ಲ, ಅವೆಲ್ಲ ದನ ಕರು ಕಟ್ಟಿಕೊಂಡಿದ್ದ ಊರುಗಳು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ, ಮೈಸೂರಿಗೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಗಾಳಿ ಬೆಳಕು ಬರುವ ಹಾಗೆ ಬಡಾವಣೆ ಮಾಡಬೇಕು ಅನ್ನುವ ಯೋಚನೆ ಬೇರೂರಿತು. ಊರು ಕೆರೆಯ ಕಡೆಗೆ ಬೆಳೆಯಿತು, ಗದ್ದೆಗಳು ಒಂದೊಂದಾಗಿ ಸೈಟುಗಳಾದವು.

ಹಾಗೆ ಹುಟ್ಟಿದ್ದು ನಿಮ್ಮ ಮನೆಯಂಥ ಮನೆಗಳು. ಕೆಂಪು ಗಾರೆ ನೆಲ, ಮುಂದೆ ಪಾರಿಜಾತ, ಹಿತ್ತಿಲಲ್ಲಿ ತೆಂಗು, ಅದರ ಹಿಂದೆ ಕಸ, ಚರಂಡಿ ಕೆಲಸಕ್ಕೆ ಅಂತ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿಯಲ್ಲೇ ಅಲ್ವಾ ನಾವು ಕ್ರಿಕೆಟ್ ಕಲಿತದ್ದು? ಚೆಂಡು ಬಲಗಡೆಯ ಕಾಂಪೌಂಡಿಗೆ ಬಿದ್ದರೆ ಔಟು, ಎಡಗಡೆ ಬಿದ್ದರೆ ಎರಡು ರನ್ನು. ನಿಮ್ಮ ಔಟ್‌ಹೌಸಿನಲ್ಲಿ ಯಾವಾಗಲೂ ಒಬ್ಬ ಎಂ.ಎ. ಓದುವ ಹುಡುಗ ಇರುತ್ತಿದ್ದ. ಹಾಸನದವನೋ, ಚಾಮರಾಜನಗರದವನೋ. ನಿಮ್ಮಮ್ಮ ಬಾಡಿಗೆ ಕೇಳುವುದಕ್ಕಿಂತ ಜಾಸ್ತಿ 'ಊಟ ಆಯ್ತೇನಪ್ಪ' ಅಂತ ಕೇಳುತ್ತಿದ್ದರು. ಆ ಹುಡುಗರು ತಂದ ಪುಸ್ತಕಗಳನ್ನೇ ನಾವು ಮೊದಲು ಕದ್ದು ಓದಿದ್ದು.

ಆ ಹುಡುಗರು ಬಂದದ್ದೂ ಕೆರೆಯ ಪಕ್ಕದ ಮಾನಸಗಂಗೋತ್ರಿಯಿಂದ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ, ಕೆರೆಯ ಮಗ್ಗುಲಿಗೆ ಈ ಕ್ಯಾಂಪಸ್ ಬಂದದ್ದು 1960ರಲ್ಲಿ. ಕುವೆಂಪು ಆಗ ಕುಲಪತಿಗಳು. ಹೆಸರಿಟ್ಟವರೂ ಅವರೇ. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಅವರು ಈ ಕೆರೆಯ ದಂಡೆಯಲ್ಲಿ ನಡೆದವರು. ಸೂರ್ಯ ಹುಟ್ಟುವುದನ್ನು, ಮುಳುಗುವುದನ್ನು ನಿಂತು ನೋಡಿದವರು. ಆರ್.ಕೆ. ನಾರಾಯಣ್ ಕೂಡ ಹುಡುಗರಾಗಿದ್ದಾಗ ಪುಸ್ತಕ ಹಿಡಿದುಕೊಂಡು ಇಲ್ಲಿಗೇ ಬರುತ್ತಿದ್ದರು. ಪರೀಕ್ಷೆಗೆ ಓದುವುದಕ್ಕೆ ಏರಿಯ ಮರದ ಕೆಳಗೆ ಹೋಗುವ ನಮ್ಮ ಅಭ್ಯಾಸ ಬಹಳ ಹಳೆಯದು, ನೋಡು.

ನಮ್ಮ ಏರಿಯಾದ ಗುಣ ಬಂದದ್ದೇ ಇದರಿಂದ ಅಂತ ನನ್ನ ನಂಬಿಕೆ. ದೊಡ್ಡ ಸಾಹುಕಾರರು ಇಲ್ಲಿ ಕಡಿಮೆ. ಮೇಷ್ಟ್ರುಗಳು, ಗುಮಾಸ್ತರು, ರಿಟೈರ್ ಆದವರು, ಬಾಡಿಗೆ ರೂಮಿನ ವಿದ್ಯಾರ್ಥಿಗಳು. ಎಲ್ಲರೂ ಸಂಜೆ ಹೊತ್ತು ಒಂದೇ ಕೆರೆ ಸುತ್ತುತ್ತಿದ್ದರು. ಪ್ರೊಫೆಸರೂ ಕೊಪ್ಪಲಿನ ಹಾಲಿನವರೂ ಎದುರಾದರೆ ನಿಂತು ಮಾತಾಡುತ್ತಿದ್ದರು. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದ ಮೇಲಂತೂ ಕಲಾಮಂದಿರದಲ್ಲಿ ನಾಟಕ ಮುಗಿಸಿಕೊಂಡು, ರಾತ್ರಿ ವಾದ ಮಾಡುತ್ತಾ ನಡೆದು ಬರುವ ಜನ ಇನ್ನೂ ಜಾಸ್ತಿಯಾದರು. ಈಗಲೂ ಇದ್ದಾರೆ.

ಆದರೆ ನಿನ್ನಿಂದ ಯಾವುದನ್ನೂ ಮುಚ್ಚಿಡುವುದಿಲ್ಲ. ಮನೆಗಳು ಹೆಚ್ಚಿದ ಹಾಗೆ ಮೇಲ್ಗಡೆಯ ಬಡಾವಣೆಗಳ ಒಳಚರಂಡಿ ನೀರು ಕೆರೆಗೆ ಬಂತು. ನೀರು ಹಸಿರಾಗಿ, ವಾಸನೆ ಹೊಡೆದು, ಮೀನು ಸತ್ತು ತೇಲಿದ್ದೂ ಉಂಟು. ಕೊಳಚೆ ತಡೆಯುವುದಕ್ಕೆ ಕೆಲಸ ನಡೆಯಿತು, ಸರಿ. ಆದರೆ ಮಳೆ ನೀರು ತರುವ ನಾಲೆ ಅಲ್ಲಲ್ಲಿ ಮುಚ್ಚಿ, ಒತ್ತುವರಿಯಾಗಿ, ಕಸ ತುಂಬಿ ಕೂತಿದೆ. ಕೊಳಚೆ ನಿಲ್ಲಿಸಿದರೆ ಸಾಲದು, ಒಳ್ಳೆ ನೀರೂ ಬರಬೇಕಲ್ಲ. ಕೆರೆ ಅಂದರೆ ಏರಿಯ ಒಳಗಿನ ನೀರು ಮಾತ್ರ ಅಂದುಕೊಂಡುಬಿಟ್ಟಿದ್ದೇವೆ. ಮೇಲಿನ ನಾಲೆಯೂ ಕೆರೆಯೇ, ಕೆಳಗಿನ ಕೋಡಿಯೂ ಕೆರೆಯೇ. ಚೆಂದ ಮಾಡುತ್ತೇವೆ ಅಂತ ಕಲ್ಲು, ಕಾಂಕ್ರೀಟು ತರುವ ಮಾತು ಎದ್ದಾಗೆಲ್ಲ ವಾಕಿಂಗ್ ಬರುವ ಜನವೇ ಅಡ್ಡ ನಿಂತಿದ್ದಾರೆ. ನಾನೂ ಅವರ ಜೊತೆ ನಿಂತಿದ್ದೇನೆ, ಇನ್ನು ಮುಂದೆಯೂ ನಿಲ್ಲುತ್ತೇನೆ.

ಮೊನ್ನೆ ಬೆಳಗ್ಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ಗೇಟು ತೆಗೆಯುವ ಹೊತ್ತಿಗೇ ಹೋಗಿದ್ದೆ. ನೀರಿನ ಮೇಲೆ ಮಂಜು, ಆಚೆಗೆ ಚಾಮುಂಡಿ ಬೆಟ್ಟದ ನೆತ್ತಿ ಅಷ್ಟೇ ಕಾಣುತ್ತಿತ್ತು. ಹತ್ತು ಹನ್ನೆರಡು ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಅರ್ಧ ಚಂದ್ರದ ಹಾಗೆ ಸಾಲುಗಟ್ಟಿ ಈಜುತ್ತಿದ್ದವು. ಸದ್ದೇ ಇಲ್ಲ. ಮೀನುಗಳನ್ನು ದಡದ ಕಡೆಗೆ ಅಟ್ಟಿಕೊಂಡು ಬಂದು, ಎಲ್ಲವೂ ಒಟ್ಟಿಗೇ ತಲೆ ಮುಳುಗಿಸಿದವು. ಎದ್ದಾಗ ಒಂದೊಂದರ ಕೊಕ್ಕಿನ ಕೆಳಗಿನ ಚೀಲ ನೀರು ತುಂಬಿ ಜೋತಾಡುತ್ತಿತ್ತು. ಕೊಕ್ಕನ್ನು ಎದೆಗೆ ಒತ್ತಿ ನೀರು ಸೋರಲು ಬಿಟ್ಟವು. ಆಮೇಲೆ ಒಂದು ಕತ್ತು ಮೇಲೆತ್ತಿತು. ಚೀಲದೊಳಗೆ ಮೀನು ಒದ್ದಾಡುವುದು ಹೊರಗಿನಿಂದಲೇ ಕಂಡಿತು, ಅಷ್ಟು ತೆಳ್ಳಗಿನ ಚರ್ಮ. ಪಕ್ಕದ ಬೊಡ್ಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಇದನ್ನೇ ನೋಡುತ್ತಿತ್ತು. ಕೊಕ್ಕರೆ ಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೆ ಗೂಡು ಕಟ್ಟುತ್ತವಲ್ಲ, ಅದೇ ಜಾತಿ ಹೆಜ್ಜಾರ್ಲೆ ಇವು. ನಮ್ಮ ಕೆರೆ ನಡುವಿನ ನಡುಗಡ್ಡೆಯ ಮರಗಳಲ್ಲೂ ಗೂಡು ಮಾಡುತ್ತವೆ. ಸುತ್ತಲೂ ಇಷ್ಟು ದೊಡ್ಡ ಊರು, ಬೋಗಾದಿ ರಸ್ತೆಯಲ್ಲಿ ಹಾರ್ನು, ನಡುವೆ ಅವು ಮರಿ ಸಾಕುತ್ತವೆ.

ನಿನ್ನ ಮಗಳಿಗೆ ಇದನ್ನು ಹೇಳು. ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೇ.

ಮನೆ ಮಾರಬೇಡ ಅಂತ ನಾನು ಹೇಳುವುದಿಲ್ಲ. ದೂರದಲ್ಲಿದ್ದುಕೊಂಡು ಹಳೇ ಮನೆ ನೋಡಿಕೊಳ್ಳುವ ಕಷ್ಟ ನನಗೆ ಗೊತ್ತು. ಮಳೆಗೆ ಹಿಂದಿನ ಕೋಣೆ ಸೋರುತ್ತಿದೆ, ಹೆಂಚು ಬದಲಾಯಿಸಬೇಕು. ಆದರೆ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಒಂದು ವಾರ ಬಂದು ಇರು. ಚಳಿಗಾಲದಲ್ಲೇ ಬಾ, ಮಗಳನ್ನೂ ಕರೆದುಕೊಂಡು ಬಾ. ಬೀಗದ ಕೈ ನಮ್ಮ ಮನೆಯಲ್ಲೇ ಇದೆ. ಮೊನ್ನೆ ಹೋಗಿ ಎಲ್ಲ ಕಿಟಕಿ ತೆಗೆದು ಗಾಳಿಯಾಡಿಸಿ ಬಂದೆ. ಪಾರಿಜಾತದ ಗಿಡದ ಕೆಳಗೆ ನೆಲ ಕಾಣದಷ್ಟು ಹೂ ಬಿದ್ದಿತ್ತು.

ಟಿಕೆಟ್ ಆದ ತಕ್ಷಣ ತಿಳಿಸು. ಬೆಳಗ್ಗೆ ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.

ನಿನ್ನ,
ಹಿಂದಿನ ಬೀದಿಯ ಗೆಳೆಯ